ಘಳಿಗೆಗೆ ಮುನ್ನೂರರವತ್ತು: ಮಾನ್ವಿಯ ಜಗನ್ನಾಥದಾಸರು

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಬರೆದೆವು. ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಒಂದು ವೃತ್ತ. ಅದು ಹಿಗ್ಗುವಾಗ ಉಸಿರು ಒಳಗೆ ಎಳೆದುಕೊಳ್ಳಬೇಕು, ಕುಗ್ಗುವಾಗ ಹೊರಗೆ ಬಿಡಬೇಕು. ಇಷ್ಟೇ. ಇಂಥದ್ದು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟಿವೆ, ಹೊಸದೇನಲ್ಲ. ಆದರೆ ನಾವೇ ಬರೆಯೋಕೆ ಒಂದು ಕಾರಣ ಇತ್ತು.

ಅದರ ಹಿಂದಿನ ಸೆಮಿಸ್ಟರ್‌ನ ಕೊನೆಯ ವಾರ. ರಾತ್ರಿ ಎರಡು ಗಂಟೆ. ಕೋಡ್ ಮುಂದೆ ಕೂತಿದ್ದ ನಮ್ಮ ಗೆಳೆಯನಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳೋಕೆ ಶುರುವಾಯ್ತು. ಬೆರಳ ತುದಿ ಜುಮ್ ಅಂದವು, ಉಸಿರು ಸಾಲುತ್ತಿಲ್ಲ ಅಂದ. ಹೆದರಿ ಆಸ್ಪತ್ರೆಗೆ ಕರಕೊಂಡು ಹೋದೆವು. ಇಸಿಜಿ ಸರಿಯಾಗೇ ಬಂತು. ನಿದ್ದೆಗೇಡು, ಗಾಬರಿ, ಅದರಿಂದ ವೇಗ ಹಿಡಿದ ಉಸಿರಾಟ ಅಂತ ವೈದ್ಯರು ಹೇಳಿ, ನಿಧಾನವಾಗಿ ಉಸಿರಾಡೋದನ್ನ ತೋರಿಸಿಕೊಟ್ಟು ಕಳಿಸಿದರು.

ಈ ಗೆಳೆಯ ರಾಯಚೂರು ತಾಲೂಕಿನ ಯಾಪಲದಿನ್ನಿಯವನು. ನಮ್ಮ ಸಾಫ್ಟ್‌ವೇರ್‌ಗೆ ಒಂದು ಸಂಖ್ಯೆ ಬೇಕಿತ್ತು: ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಾನೆ? ಪುಸ್ತಕದಲ್ಲಿ ಹನ್ನೆರಡರಿಂದ ಇಪ್ಪತ್ತು ಅಂತ ಇತ್ತು. ಒಂದೇ ಸಂಖ್ಯೆ ಯಾವುದು ಇಡೋಣ ಅಂತ ನಾವು ಚರ್ಚೆ ಮಾಡ್ತಿದ್ದಾಗ ಅವನು ಊರಿಗೆ ಫೋನ್ ಹಚ್ಚಿದ್ದ. ಆ ಕಡೆ ಅಜ್ಜಿ. ಮಾತಿನ ನಡುವೆ ತಮಾಷೆಗೆ ಅವರನ್ನೇ ಕೇಳಿದ. ಅಜ್ಜಿ ಒಂದು ಕ್ಷಣವೂ ಯೋಚಿಸದೆ ಘಳಿಗೆಗೆ ಮುನ್ನೂರರವತ್ತು ಅಂದರು. ಒಂದು ಘಳಿಗೆ ಅಂದರೆ 24 ನಿಮಿಷ. 360ನ್ನು 24ರಿಂದ ಭಾಗಿಸಿದರೆ 15. ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಒಳಗೇ ಬಂತು!

ಇದು ಎಲ್ಲಿಂದ ಬಂತು ಅಂತ ಕೇಳಿದರೆ, ತಾವು ದಿನಾ ಬೆಳಿಗ್ಗೆ ಹಾಡುವ ಹರಿಕಥಾಮೃತಸಾರದಲ್ಲಿದೆ, ಮಾನ್ವಿ ದಾಸರು ಹೇಳಿದ್ದು ಅಂದರಂತೆ. ಮಾನ್ವಿ ನಮ್ಮ ಜಿಲ್ಲೆಯದೇ ಊರು. ದಾಸರ ಹೆಸರು ಶಾಲೆಯ ಪಾಠದಲ್ಲಿ ಓದಿ ಮರೆತಿದ್ದೆವು. ಉಸಿರಿನ ಸಾಫ್ಟ್‌ವೇರ್ ನೆಪದಲ್ಲಿ ಮತ್ತೆ ಅವರ ಬಾಗಿಲಿಗೆ ಹೋದೆವು. ಹೋದ ಮೇಲೆ ಗೊತ್ತಾಯ್ತು, ಆ ಸಂಖ್ಯೆಗಿಂತ ಅದನ್ನು ಬರೆದವರ ಬದುಕೇ ನಮಗೆ ಹೆಚ್ಚು ಬೇಕಾಗಿತ್ತು ಅಂತ.

ಬ್ಯಾಗವಾಟದ ಶ್ರೀನಿವಾಸ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯಲ್ಲಿ ಹದಿನೆಂಟನೆಯ ಶತಮಾನ ದಾಸಸಾಹಿತ್ಯದ ಸುಗ್ಗಿಯ ಕಾಲ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನ್ವಿಯಲ್ಲಿ ಜಗನ್ನಾಥದಾಸರು. ಮೂವರೂ ಇಂದು ಒಂದೇ ದಿನದಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರದ ಊರುಗಳವರು. ಆಗ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು.

ಮಾನ್ವಿ ಹತ್ತಿರದ ಬ್ಯಾಗವಾಟ ಅನ್ನುವ ಹಳ್ಳಿಯಲ್ಲಿ, 1728ರ ಸುಮಾರಿಗೆ, ನರಸಿಂಹಾಚಾರ್ಯ ಮತ್ತು ಲಕ್ಷ್ಮಕ್ಕ ಅವರ ಮಗನಾಗಿ ಹುಟ್ಟಿದ ಹುಡುಗನ ಹೆಸರು ಶ್ರೀನಿವಾಸ. ಓದಿನಲ್ಲಿ ಬಲು ಚುರುಕು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಪರಂಪರೆಯ ವರದೇಂದ್ರತೀರ್ಥರ ಬಳಿ ಶಾಸ್ತ್ರಾಭ್ಯಾಸ ಮಾಡಿದ. ವ್ಯಾಕರಣ, ತರ್ಕ, ವೇದಾಂತ ಎಲ್ಲದರಲ್ಲೂ ಗಟ್ಟಿ. ಸಣ್ಣ ವಯಸ್ಸಿಗೇ ಶ್ರೀನಿವಾಸಾಚಾರ್ಯ ಅಂತ ಹೆಸರಾಗಿ, ತಾನೇ ಶಿಷ್ಯರಿಗೆ ಪಾಠ ಹೇಳುವ ಮಟ್ಟಕ್ಕೆ ಬೆಳೆದ.

ನಮ್ಮಲ್ಲೂ ಇರ್ತಾರಲ್ಲ, ಮೊದಲ ಸೆಮಿಸ್ಟರ್‌ನಿಂದಲೇ ಟಾಪರ್, ಯಾವ ಪ್ರಶ್ನೆ ಕೇಳಿದರೂ ಉತ್ತರ ಕೊಡೋನು, ಯಾರ ಹತ್ತಿರವೂ ಏನೂ ಕೇಳದೋನು. ಹಾಗೆ ಅಂದುಕೊಳ್ಳಿ. ಅಂಥವರಿಗೆ ಬರುವ ತೊಂದರೆಯೇ ಈತನಿಗೂ ಬಂತು. ಸಂಸ್ಕೃತದಲ್ಲಿ ಇರೋದು ಮಾತ್ರ ವಿದ್ಯೆ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಪದ ಹಾಡುತ್ತ ಊರೂರು ತಿರುಗುವ ದಾಸರು ಹೇಳೋದು ಜನರನ್ನ ಮೆಚ್ಚಿಸೋ ಹಾಡು ಅನ್ನುವ ಭಾವ ಬೆಳೆಯಿತು.

ಹೊಟ್ಟೆನೋವಿನ ನೆಪ

ಮುಂದಿನ ಕಥೆ ದಾಸಪರಂಪರೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದದ್ದು. ಇತಿಹಾಸದ ದಾಖಲೆ ಅಂತ ನಾವು ಹೇಳ್ತಿಲ್ಲ. ಆದರೆ ನಮ್ಮ ಕಡೆ ಈ ಕಥೆ ಗೊತ್ತಿಲ್ಲದೆ ಜಗನ್ನಾಥದಾಸರನ್ನು ಬಲ್ಲೆ ಅನ್ನುವವರು ಸಿಗೋದು ಕಷ್ಟ.

ವಿಜಯದಾಸರು ಒಮ್ಮೆ ಮಾನ್ವಿಗೆ ಬಂದಿದ್ದರು. ಆ ಹೊತ್ತಿಗೆ ಅವರು ಹಿರಿಯರು, ಸಾವಿರಾರು ಸುಳಾದಿ, ಪದ ರಚಿಸಿದವರು. ಪೂಜೆ, ಭಜನೆ, ಊಟ ಅಂತ ಊರೆಲ್ಲ ಸೇರಿತ್ತು. ಪಂಡಿತ ಶ್ರೀನಿವಾಸಾಚಾರ್ಯರಿಗೂ ಊಟಕ್ಕೆ ಕರೆ ಹೋಯಿತು. ಹಾಡುವವರ ಪಂಕ್ತಿಯಲ್ಲಿ ಕೂರೋಕೆ ಇವರಿಗೆ ಮನಸ್ಸಿಲ್ಲ. ನೇರವಾಗಿ ಬರೋಲ್ಲ ಅನ್ನೋಕೂ ಆಗದು. ಊಟ ತಡವಾದರೆ ತಮಗೆ ಹೊಟ್ಟೆ ನೋಯುತ್ತದೆ ಅಂತ ನೆಪ ಹೇಳಿ ಕಳಿಸಿದರು. ಅದನ್ನು ಕೇಳಿದ ವಿಜಯದಾಸರು ಹಾಗೇ ಆಗಲಿ ಅಂದುಬಿಟ್ಟರಂತೆ.

ನೆಪ ನಿಜವಾಯಿತು. ಹೊಟ್ಟೆನೋವು ಶುರುವಾಗಿ ನಿಲ್ಲಲೇ ಇಲ್ಲ. ಔಷಧಿ ಮಾಡಿದರು, ವ್ರತ ಮಾಡಿದರು, ಪಾರಾಯಣ ಮಾಡಿದರು. ಅನ್ನ ಸೇರದು, ಮೈ ಇಳಿಯಿತು, ಪಾಠ ನಿಂತಿತು. ಕೊನೆಗೆ ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆಗೆ ಕೂತರು. ಅಲ್ಲಿ ಸ್ವಪ್ನದಲ್ಲಿ ಸಿಕ್ಕ ಸೂಚನೆ ಒಂದೇ: ಯಾರನ್ನು ಹಗುರ ಮಾಡಿದ್ದೀಯೋ ಅವರ ಹತ್ತಿರವೇ ಹೋಗು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು ಅನ್ಸುತ್ತೆ. ರೋಗಕ್ಕಿಂತ ಕಷ್ಟದ ಕೆಲಸ ಈಗ ಎದುರಿಗೆ ಬಂದಿತ್ತು. ತರ್ಕದಲ್ಲಿ ಯಾರನ್ನೂ ಸೋಲಿಸಬಲ್ಲ ಪಂಡಿತ, ತಾನು ಕೀಳು ಅಂದುಕೊಂಡವರ ಮನೆ ಬಾಗಿಲಲ್ಲಿ ನಿಂತು ನನ್ನಿಂದ ಆಗ್ತಿಲ್ಲ, ಸಹಾಯ ಮಾಡಿ ಅನ್ನಬೇಕಿತ್ತು. ಅವರು ಹೋದರು. ವಿಜಯದಾಸರ ಕಾಲಿಗೆ ಬಿದ್ದರು. ವಿಜಯದಾಸರು ಬೈಯಲಿಲ್ಲ, ಆದರೆ ತಾವೇ ವಾಸಿ ಮಾಡಲೂ ಇಲ್ಲ. ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು.

ನಲವತ್ತು ವರ್ಷದ ಸಾಲ

ಗೋಪಾಲದಾಸರ ಮೊದಲ ಹೆಸರು ಭಾಗಣ್ಣ. ಮೊಸರಕಲ್ಲಿನಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಮುಂದೆ ಈಗ ತೆಲಂಗಾಣಕ್ಕೆ ಸೇರಿರುವ ಉತ್ತನೂರಿನಲ್ಲಿ ನೆಲೆಸಿದವರು. ಜ್ಯೋತಿಷದಲ್ಲಿ ಹೆಸರು ಮಾಡಿದ್ದರು. ಶ್ರೀನಿವಾಸಾಚಾರ್ಯರಿಗಿಂತ ಕೆಲವೇ ವರ್ಷ ದೊಡ್ಡವರು, ಹೆಚ್ಚು ಕಡಿಮೆ ಓರಗೆಯವರೇ.

ಬಂದ ರೋಗಿಗೆ ಅವರು ಧನ್ವಂತರಿಯನ್ನು ನೆನೆದು ಜೋಳದ ರೊಟ್ಟಿ ಕೊಟ್ಟರಂತೆ. ಹೊಟ್ಟೆ ನೋವು ಅಂತ ಬಂದವನಿಗೆ ಜೋಳದ ರೊಟ್ಟಿ! ನಮ್ಮ ರಾಯಚೂರು ಕಡೆಯವರಿಗೆ ಇದನ್ನು ಓದಿದರೆ ನಗು ಬರುತ್ತೆ, ಹೆಮ್ಮೆಯೂ ಆಗುತ್ತೆ. ಆ ರೊಟ್ಟಿ ತಿಂದು ನೋವು ಇಳಿಯಿತು. ಆದರೆ ಗೋಪಾಲದಾಸರು ಕೊಟ್ಟದ್ದು ರೊಟ್ಟಿ ಮಾತ್ರ ಅಲ್ಲ. ಶ್ರೀನಿವಾಸಾಚಾರ್ಯರ ಆಯುಷ್ಯ ಮುಗಿಯುತ್ತ ಬಂದಿದೆ ಅಂತ ಅವರಿಗೆ ಕಂಡಿತ್ತು. ತಮ್ಮ ಪಾಲಿನ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಧಾರೆ ಎರೆದರು ಅನ್ನುತ್ತದೆ ಪರಂಪರೆ.

ಇದನ್ನು ನಂಬಬೇಕೋ ಬೇಡವೋ ಅನ್ನೋದು ಓದುವವರಿಗೆ ಬಿಟ್ಟದ್ದು. ಆದರೆ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೋಪಾಲದಾಸರು ತೀರಿಕೊಂಡದ್ದು 1762ರಲ್ಲಿ, ಸುಮಾರು ನಲವತ್ತರ ವಯಸ್ಸಿಗೆ. ಅವರ ಬಳಿ ಸಾಯುವ ಸ್ಥಿತಿಯಲ್ಲಿ ಬಂದಿದ್ದ ಶ್ರೀನಿವಾಸಾಚಾರ್ಯರು ಬದುಕಿದ್ದು 1809ರವರೆಗೆ, ಎಂಬತ್ತು ದಾಟುವವರೆಗೆ. ಗುರು ಹೋದ ಮೇಲೆ ಶಿಷ್ಯ ಇನ್ನೂ 47 ವರ್ಷ ಬದುಕಿದ. ಪ್ರತಿ ಬೆಳಿಗ್ಗೆ ಎದ್ದಾಗ ಆ ಮನುಷ್ಯನಿಗೆ ಏನನ್ನಿಸಿರಬಹುದು? ಇವತ್ತಿನ ಈ ಉಸಿರು ಇನ್ನೊಬ್ಬರದ್ದು ಅನ್ನಿಸದೆ ಇರುತ್ತದೆಯೇ?

ಗೋಪಾಲದಾಸರ ಮಾತಿನಂತೆ ಅವರು ಪಂಢರಪುರಕ್ಕೆ ಹೋದರು. ಅಲ್ಲಿ ಭೀಮಾ ನದಿಗೆ ಚಂದ್ರಭಾಗಾ ಅನ್ನುತ್ತಾರೆ. ಮುಳುಗಿ ಏಳುವಾಗ ಜಗನ್ನಾಥವಿಠಲ ಅನ್ನುವ ಅಂಕಿತ ಇದ್ದ ಶಿಲೆ ಸಿಕ್ಕಿತು ಅನ್ನುತ್ತಾರೆ. ಶ್ರೀನಿವಾಸಾಚಾರ್ಯರು ಅಂದಿನಿಂದ ಜಗನ್ನಾಥದಾಸರಾದರು. ಯಾವ ಕನ್ನಡವನ್ನು ಹಗುರ ಮಾಡಿದ್ದರೋ ಅದೇ ಕನ್ನಡದಲ್ಲಿ ಹಾಡೋಕೆ ಶುರುಮಾಡಿದರು.

ಕನ್ನಡದಲ್ಲಿ ಲೆಕ್ಕ

ಅವರ ದೊಡ್ಡ ಕೃತಿ ಹರಿಕಥಾಮೃತಸಾರ. 32 ಸಂಧಿಗಳು, ಸಾವಿರದ ಆಸುಪಾಸು ಪದ್ಯಗಳು, ಪೂರ್ತಿ ಭಾಮಿನಿ ಷಟ್ಪದಿ. ಕುಮಾರವ್ಯಾಸ ಭಾರತ ಬರೆದದ್ದೂ ಇದೇ ಛಂದಸ್ಸಿನಲ್ಲಿ. ಮಧ್ವಸಿದ್ಧಾಂತದ ಗ್ರಂಥಗಳಲ್ಲಿ ಸಂಸ್ಕೃತ ಬಲ್ಲವರಿಗೆ ಮಾತ್ರ ಸಿಗುತ್ತಿದ್ದ ವಿಷಯವನ್ನೆಲ್ಲ ದಾಸರು ಅಡುಗೆ ಮನೆಯಲ್ಲಿ, ಅಂಗಳದಲ್ಲಿ ಹಾಡಿಕೊಳ್ಳಬಹುದಾದ ಕನ್ನಡಕ್ಕೆ ತಂದರು. ಮುಂದೆ ಒಂದು ತಮಾಷೆ ನಡೆಯಿತು. ಈ ಕನ್ನಡ ಕೃತಿಗೆ ಸಂಕರ್ಷಣ ಒಡೆಯರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು! ಕನ್ನಡ ಪದಗಳನ್ನು ಲೆಕ್ಕಕ್ಕಿಲ್ಲ ಅಂದವರ ಕನ್ನಡವನ್ನು ಅರ್ಥ ಮಾಡಿಸೋಕೆ ಸಂಸ್ಕೃತ ಬೇಕಾಯಿತು.

ಈ ಕೃತಿಯಲ್ಲಿ ಶ್ವಾಸಸಂಧಿ ಅಂತ ಒಂದು ಭಾಗ ಇದೆ. ಅಜ್ಜಿ ಹೇಳಿದ ಮುನ್ನೂರರವತ್ತು ಇರುವುದು ಅಲ್ಲೇ. ದಾಸರ ಪ್ರಕಾರ, ಭಾರತೀದೇವಿಯ ಪತಿಯಾದ ವಾಯುದೇವರು ಪ್ರತಿ ಜೀವಿಯ ಒಳಗೂ ಕೂತು ಉಸಿರಿನ ರೂಪದಲ್ಲಿ ಜಪ ಮಾಡುತ್ತಿರುತ್ತಾರೆ. ಒಂದು ಘಳಿಗೆಗೆ 360 ಸಲ. ದಿನಕ್ಕೆ 60 ಘಳಿಗೆ, ಅಲ್ಲಿಗೆ 21,600. ನಾವು ಎಚ್ಚರವಾಗಿದ್ದರೂ ಸರಿ, ನಿದ್ದೆ ಮಾಡಿದರೂ ಸರಿ, ಜಪ ನಡೆಯುತ್ತಲೇ ಇರುತ್ತದೆ. 21,600 ಅನ್ನುವ ಸಂಖ್ಯೆ ದಾಸರೇ ಕಂಡುಹಿಡಿದದ್ದಲ್ಲ, ಅದು ಹಳೆಯ ಯೋಗಗ್ರಂಥಗಳಲ್ಲೂ ಇದೆ. ಅದನ್ನು ಘಳಿಗೆಗೆ ಇಳಿಸಿ, ಮಾನ್ವಿಯ ಕನ್ನಡದಲ್ಲಿ, ಯಾಪಲದಿನ್ನಿಯ ಅಜ್ಜಿಯ ಬಾಯಲ್ಲಿ ಉಳಿಯುವ ಹಾಗೆ ಮಾಡಿದ್ದು ಅವರ ಕೆಲಸ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ವಾ, ನಾವು ಲೆಕ್ಕ ಮುಂದುವರಿಸಿದೆವು. 360 ದಿನದ ವರ್ಷಕ್ಕೆ 77,76,000 ಉಸಿರು. ಗೋಪಾಲದಾಸರು ಕೊಟ್ಟರು ಅನ್ನುವ ನಲವತ್ತು ವರ್ಷಕ್ಕೆ 31,10,40,000. ಮೂವತ್ತೊಂದು ಕೋಟಿಗೂ ಮೇಲೆ! ಕ್ಯಾಲ್ಕುಲೇಟರ್‌ನಲ್ಲಿ ಈ ಸಂಖ್ಯೆ ನೋಡಿದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ದಾಸರು ಉಸಿರು ಎಣಿಸಿದ್ದು ಯಾಕೆ ಅನ್ನೋದು ಆಗ ಸ್ವಲ್ಪ ತಿಳಿದ ಹಾಗಾಯ್ತು. ಸಾಲ ಪಡೆದವನೇ ತಾನೇ ಪೈಸೆ ಪೈಸೆ ಲೆಕ್ಕ ಇಡೋದು!

ಇನ್ನೊಂದು ಮಾತು. ಶ್ವಾಸಸಂಧಿಯಲ್ಲಿ ಉಸಿರನ್ನು ಹೀಗೆ ಎಳೆಯಿರಿ, ಹೀಗೆ ಬಿಡಿ, ಇಷ್ಟು ಹೊತ್ತು ಹಿಡಿಯಿರಿ ಅನ್ನುವ ಪಾಠ ಮುಖ್ಯ ಅಲ್ಲ. ಉಸಿರಾಡುತ್ತಿರುವವನು ನೀನಲ್ಲ, ನಿನ್ನೊಳಗೆ ಇನ್ನೊಬ್ಬನಿದ್ದಾನೆ, ಅದನ್ನು ತಿಳಿ ಅನ್ನುವುದೇ ಅದರ ತಿರುಳು. ದೇವರ ಮಾತು ಬೇಡ ಅನ್ನುವವರು ಇದನ್ನೇ ಶರೀರಶಾಸ್ತ್ರದಲ್ಲೂ ನೋಡಬಹುದು. ಮೆದುಳಿನ ಬುಡದಲ್ಲಿರುವ ಒಂದು ಭಾಗ ನಮ್ಮನ್ನು ಕೇಳದೆಯೇ ಹಗಲು ರಾತ್ರಿ ಉಸಿರಾಟ ನಡೆಸುತ್ತದೆ. ಹೃದಯದ ಬಡಿತವನ್ನು ನಾವು ನೇರವಾಗಿ ನಿಧಾನ ಮಾಡೋಕೆ ಆಗಲ್ಲ, ಜೀರ್ಣಕ್ರಿಯೆಯನ್ನು ನಿಲ್ಲಿಸೋಕೆ ಆಗಲ್ಲ. ಉಸಿರು ಮಾತ್ರ ತಾನೇ ನಡೆಯುತ್ತೆ, ನಾವು ಮನಸ್ಸು ಮಾಡಿದರೆ ಸ್ವಲ್ಪ ಹೊತ್ತು ನಮ್ಮ ಮಾತನ್ನೂ ಕೇಳುತ್ತೆ. ಉಸಿರಾಟದ ಸಾಫ್ಟ್‌ವೇರ್‌ಗಳೆಲ್ಲ ಕೆಲಸ ಮಾಡೋದು ಈ ಒಂದು ಸಂದಿನಲ್ಲಿ.

ಪರದೆಯ ಮೇಲಿನ ವೃತ್ತ

ನಮ್ಮ ವೃತ್ತದ ಬಗ್ಗೆ ಈಗ ಹೇಳ್ತೀವಿ. ಹತ್ತು ಸೆಕೆಂಡಿಗೆ ಒಂದು ಸುತ್ತು: ನಾಲ್ಕು ಸೆಕೆಂಡ್ ಹಿಗ್ಗುತ್ತೆ, ಆರು ಸೆಕೆಂಡ್ ಕುಗ್ಗುತ್ತೆ. ಅಂದರೆ ನಿಮಿಷಕ್ಕೆ ಆರು ಉಸಿರು. ಯಾಕೆ ಆರೇ? ಉಸಿರು ಎಳೆದಾಗ ಹೃದಯ ಸ್ವಲ್ಪ ಬೇಗ ಬಡಿಯುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ರಕ್ತದೊತ್ತಡದಲ್ಲೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ಅಲೆ ಇದೆ. ಉಸಿರನ್ನೂ ಹತ್ತು ಸೆಕೆಂಡಿಗೆ ತಂದರೆ ಎರಡೂ ಕೈ ಹಿಡಿದು ನಡೀತವೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಅನುರಣನ. 0.1 ಹರ್ಟ್ಜ್ ಅಂದರೆ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಬೇಗ ಅರ್ಥ ಆಗುತ್ತೆ. 2016ರಲ್ಲಿ ಆಪಲ್ ವಾಚ್‌ಗೆ ಉಸಿರಾಟದ ಆಪ್ ಬಂದಾಗಿನಿಂದ ಇಂಥವು ಮಣಿಕಟ್ಟಿಗೇ ಬಂದು ಕೂತಿವೆ.

ಲೆಕ್ಕದಲ್ಲಿ ಒಂದು ಸೊಗಸು ಕಂಡಿತು. ನಿಮಿಷಕ್ಕೆ ಆರರಂತೆ ಒಂದು ಗಂಟೆಗೆ 360 ಉಸಿರು. ದಾಸರ ಘಳಿಗೆಗೂ 360. ಒಂದು ಘಳಿಗೆಯ ಉಸಿರನ್ನು ಒಂದು ಗಂಟೆಯುದ್ದಕ್ಕೆ ಹಿಗ್ಗಿಸಿದರೆ ಸಾಫ್ಟ್‌ವೇರ್‌ನ ವೇಗ ಸಿಗುತ್ತೆ. ಹಾಗಂತ ಗಂಟೆಗಟ್ಟಲೆ ಹೀಗೆ ಉಸಿರಾಡಬಾರದು ಮತ್ತೆ! ಐದು ನಿಮಿಷ ಸಾಕು. ಉಸಿರು ಕಡಿಮೆ ಮಾಡಿದರೆ ಆಯುಷ್ಯ ಹೆಚ್ಚುತ್ತೆ ಅನ್ನುವ ಹಳೆಯ ನಂಬಿಕೆ ಹಿಡಿದು ಸಾಹಸಕ್ಕೆ ಇಳಿಯೋದೂ ಬೇಡ.

ಕಂಪ್ಯೂಟರ್ ಮುಂದೆ ಕೂತಾಗ ಏನಾಗುತ್ತೆ ಅಂತ ನಾವು ಒಬ್ಬರನ್ನೊಬ್ಬರು ಗಮನಿಸಿದೆವು. ಬೆನ್ನು ಬಾಗುತ್ತೆ, ಹೊಟ್ಟೆ ಒತ್ತಿಕೊಳ್ಳುತ್ತೆ, ವಪೆಗೆ ಇಳಿಯೋಕೆ ಜಾಗ ಸಿಗಲ್ಲ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತೆ. ಕೋಡ್ ರನ್ ಆಗೋದನ್ನ ಕಾಯುವಾಗ ಎಷ್ಟೋ ಸಲ ಉಸಿರು ಬಿಗಿಹಿಡಿದೇ ಕೂತಿರ್ತೀವಿ. ಗಾಬರಿ ಆದರೆ ತದ್ವಿರುದ್ಧ: ಉಸಿರು ಓಡುತ್ತೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಬೆರಳು ಜುಮ್ ಅನ್ನುತ್ತೆ, ತಲೆ ಹಗುರಾಗುತ್ತೆ. ಆ ರಾತ್ರಿ ನಮ್ಮ ಗೆಳೆಯನಿಗೆ ಆದದ್ದು ಇದೇ.

ಮಾಡುವ ಕ್ರಮ ಸುಲಭ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾದ ನೆಲಕ್ಕೆ ಊರಿ, ಮೂಗಿನಿಂದಲೇ ಉಸಿರಾಡಿ. ಆಳವಾಗಿ ಎಳೆಯೋಕೆ ಹೋಗಬೇಡಿ, ಮೆತ್ತಗೆ ಎಳೆದು ಉದ್ದಕ್ಕೆ ಬಿಡಿ. ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿ ಉಸಿರಾಡಿ. ಆಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ನಮ್ಮ ಸಾಫ್ಟ್‌ವೇರ್‌ಗೆ ಅಜ್ಜಿಯ ಕೊಡುಗೆಯಾಗಿ ಒಂದು ಹೊಸ ಗುಂಡಿ ಸೇರಿಸಿದ್ದೀವಿ: ಘಳಿಗೆ. 24 ನಿಮಿಷಕ್ಕೊಮ್ಮೆ ವೃತ್ತ ತಾನೇ ಕಾಣಿಸಿಕೊಂಡು ಕೆಲಸ ನಿಲ್ಲಿಸಿ ಅನ್ನುತ್ತೆ. ಹಿಂದೆ ತಳದಲ್ಲಿ ತೂತಿದ್ದ ಘಳಿಗೆ ಬಟ್ಟಲು ನೀರಿನಲ್ಲಿ ಮುಳುಗಿ ಹೊತ್ತು ಹೇಳುತ್ತಿತ್ತಲ್ಲ, ಅದೇ ಕೆಲಸ.

ಹಾಡು ಮಾಡುತ್ತಿದ್ದ ಕೆಲಸ

ಅಜ್ಜಿಗೆ ವೃತ್ತ ತೋರಿಸಿದಾಗ ಅವರಿಗೆ ಅದರ ಅಗತ್ಯ ಏನು ಅಂತಲೇ ತಿಳಿಯಲಿಲ್ಲ. ಯಾಕೆ ಅಂತ ನಮಗೆ ನಿಧಾನಕ್ಕೆ ಹೊಳೆಯಿತು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. 1, 2, 4, 5ನೆಯ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23 ಮಾತ್ರೆ. ಎರಡು ಗಿಡ್ಡ, ಒಂದು ಉದ್ದ, ಮತ್ತೆ ಎರಡು ಗಿಡ್ಡ, ಒಂದು ಉದ್ದ. ರಾಗವಾಗಿ ಹಾಡುವಾಗ ಉಸಿರು ಚಕ್ಕನೆ ಒಳಗೆ ಹೋಗಿ, ಸಾಲಿನುದ್ದಕ್ಕೂ ನಿಧಾನವಾಗಿ ಹೊರಗೆ ಬರುತ್ತೆ. ಹೊರಗಿನ ಉಸಿರು ಉದ್ದ ಇರಬೇಕು ಅಂತ ಸಾಫ್ಟ್‌ವೇರ್ ಹೇಳೋದೂ ಇದನ್ನೇ ತಾನೇ?

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ವೈದ್ಯರ ಒಂದು ಅಧ್ಯಯನ ಬಂದಿತ್ತು. 23 ಜನ ಆರೋಗ್ಯವಂತರು ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆಯನ್ನೋ, ಒಂದು ಯೋಗಮಂತ್ರವನ್ನೋ ಹೇಳುವಾಗ ಅವರ ಉಸಿರು ತಾನಾಗೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು. ಪ್ರಾರ್ಥನೆಯ ನಡೆಯೇ ಅದನ್ನು ಮಾಡಿಸಿತ್ತು. ಷಟ್ಪದಿ ಹಾಡಿದರೂ ಇದೇ ಸಂಖ್ಯೆ ಬರುತ್ತೆ ಅಂತ ನಾವು ಹೇಳೋಲ್ಲ, ಯಾರಾದರೂ ಅಳೆದು ನೋಡಬೇಕು. ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ಒಳ್ಳೆ ವಿಷಯ, ಬೇಕಾದವರು ತಗೊಳ್ಳಿ.

ದಾಸರ ಇನ್ನೊಂದು ಕೃತಿ ತತ್ತ್ವಸುವ್ವಾಲಿ. ತ್ರಿಪದಿಯಲ್ಲಿದೆ. ಸುವ್ವಿ ಅನ್ನೋದು ಒನಕೆ ಹಿಡಿದು ಕುಟ್ಟುವ ಹೆಣ್ಣುಮಕ್ಕಳ ಹಾಡಿನ ಸೊಲ್ಲು. ಪಂಡಿತರಾಗಿ ಬೆಳೆದವರು ಒನಕೆಯ ಹಾಡಿನ ಧಾಟಿಗೆ ಇಳಿದು ತತ್ತ್ವ ಹೇಳಿದರು. ಕುಟ್ಟುವಾಗ, ಬೀಸುವಾಗ, ಕಳೆ ತೆಗೆಯುವಾಗ ನಮ್ಮ ಕಡೆ ಹಾಡಿತ್ತು. ಕೈ, ಉಸಿರು, ಮಾತು ಮೂರೂ ಒಂದೇ ತಾಳಕ್ಕೆ ನಡೀತಿದ್ದವು. ಜೊತೆಗೆ ಹಾಡೋರೂ ಇರ್ತಿದ್ದರು. ಕೀಬೋರ್ಡ್‌ಗೆ ಹಾಡಿಲ್ಲ. ಹತ್ತು ಗಂಟೆ ಕೂತರೆ ದಾಸರ ಲೆಕ್ಕದಲ್ಲಿ ಒಂಬತ್ತು ಸಾವಿರ ಉಸಿರು, ಒಂದೂ ನಮ್ಮ ಗಮನಕ್ಕೆ ಬರದೆ ಹೋಗಿರುತ್ತೆ. ಅದಕ್ಕೇ ಹಾಡಿನ ಜಾಗದಲ್ಲಿ ಒಂದು ವೃತ್ತ ತಂದು ಕೂರಿಸಿಕೊಂಡಿದ್ದೀವಿ.

ಮಾನ್ವಿಯ ಕಂಬ

ಉಳಿದ ಆಯುಷ್ಯವನ್ನು ಜಗನ್ನಾಥದಾಸರು ಹೆಚ್ಚಾಗಿ ಮಾನ್ವಿಯಲ್ಲೇ ಕಳೆದರು. ಮೊದಲು ಯಾರ ಹತ್ತಿರವೂ ಕೂರದಿದ್ದವರ ಸುತ್ತ ಈಗ ಜನ. ಲಿಂಗಸುಗೂರಿನ ಪ್ರಾಣೇಶದಾಸರು, ಕರ್ಜಗಿಯ ದಾಸಪ್ಪ ಮೊದಲಾದ ಶಿಷ್ಯರು ಬೆಳೆದರು. ಶ್ರೀದವಿಠಲ ಅನ್ನುವ ಅಂಕಿತದ ಈ ಕರ್ಜಗಿ ದಾಸಪ್ಪನವರೇ ಹರಿಕಥಾಮೃತಸಾರಕ್ಕೆ ಫಲಸ್ತುತಿ ಬರೆದವರು. ಗುರುವಿನ ಕೃತಿಯ ಕೊನೆಗೆ ಶಿಷ್ಯನ ದನಿ ಸೇರಿಕೊಂಡಿತು.

1809ರ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನ್ವಿಯಲ್ಲಿ ತೀರಿಕೊಂಡರು. ಅವರು ಇದ್ದ ಜಾಗದಲ್ಲಿ ಈಗ ಮಂದಿರ ಇದೆ. ಅಲ್ಲಿನ ಕಂಬದಲ್ಲಿ ದಾಸರು ನೆಲೆಸಿದ್ದಾರೆ ಅಂತ ಭಕ್ತರು ಆ ಕಂಬಕ್ಕೇ ಪೂಜೆ ಮಾಡುತ್ತಾರೆ. ಪ್ರತಿ ವರ್ಷ ಅದೇ ತಿಥಿಗೆ ಆರಾಧನೆ ನಡೆಯುತ್ತೆ.

ಕನ್ನಡದಲ್ಲಿ ಉಸಿರೆತ್ತು ಅನ್ನುವ ಮಾತು ಇದೆಯಲ್ಲ, ಬಾಯಿಬಿಟ್ಟು ಹೇಳು ಅನ್ನುವ ಅರ್ಥದ್ದು. ಆಸ್ಪತ್ರೆಯಿಂದ ಬಂದ ಮೇಲೆ ನಮಗೆ ಗೊತ್ತಾಯ್ತು, ನಮ್ಮ ಗೆಳೆಯ ತನ್ನ ಪಾಲಿನ ಕೋಡ್‌ನಲ್ಲಿ ಹತ್ತು ದಿನದಿಂದ ಸಿಕ್ಕಿಹಾಕಿಕೊಂಡಿದ್ದ. ಒಂದು ದಿನವೂ ಉಸಿರೆತ್ತಿರಲಿಲ್ಲ. ತಂಡದ ಟಾಪರ್ ಅವನೇ, ಹೇಗೆ ಹೇಳ್ತಾನೆ? ನಾವು ಸೇರೋಣ ಅಂದಾಗಲೆಲ್ಲ ಹೊಟ್ಟೆ ಸರಿಯಿಲ್ಲ ಅಂತ ತಪ್ಪಿಸಿಕೊಳ್ತಿದ್ದ. ದಾಸರ ಕಥೆ ಓದುವಾಗ ಈ ಹೊಟ್ಟೆನೋವಿನ ಜಾಗ ಬಂತು ನೋಡಿ, ಎಲ್ಲರೂ ಅವನ ಮುಖ ನೋಡಿದೆವು. ಅವನೇ ಮೊದಲು ನಕ್ಕ.

ಆ ಕೋಡ್ ಸರಿಯಾಗಿದ್ದು ಮರುದಿನ, ನಾಲ್ಕು ಜನ ಒಟ್ಟಿಗೆ ಕೂತ ಮೇಲೆ, ಮುಕ್ಕಾಲು ಗಂಟೆಯಲ್ಲಿ. ದಾಸರ ಲೆಕ್ಕದಲ್ಲಿ ಎರಡು ಘಳಿಗೆಯೂ ತುಂಬಿರಲಿಲ್ಲ. ವೃತ್ತ ನೋಡಿ ಉಸಿರಾಡಿದರೆ ಎದೆ ತಣ್ಣಗಾಗುತ್ತೆ, ಅದು ನಿಜ, ನಾವು ದಿನಾ ಮಾಡ್ತೀವಿ. ಆದರೆ ಶ್ರೀನಿವಾಸಾಚಾರ್ಯರು ಉಳಿದದ್ದು ಉಸಿರು ಎಣಿಸಿ ಅಲ್ಲ. ಒಬ್ಬರ ಬಾಗಿಲಿಗೆ ಹೋಗಿ ಕೇಳಿದರು, ಇನ್ನೊಬ್ಬರು ಕೊಟ್ಟರು, ಅದಕ್ಕೆ ಉಳಿದರು. ಎಣಿಸಿದ್ದು ಆಮೇಲೆ.

ನಮ್ಮ ಸಾಫ್ಟ್‌ವೇರ್‌ನಲ್ಲಿ ಈಗ ಐದು ನಿಮಿಷ ಮುಗಿದ ಕೂಡಲೇ ವೃತ್ತದ ಕೆಳಗೆ ಒಂದು ಸಾಲು ಕಾಣಿಸುತ್ತೆ: ಸಿಕ್ಕಿಹಾಕಿಕೊಂಡಿದ್ದರೆ ಯಾರಿಗಾದರೂ ಹೇಳಿದ್ದೀರಾ? ಆ ಸಾಲನ್ನು ಕೋಡ್‌ಗೆ ಸೇರಿಸಿದ್ದು ನಮ್ಮ ಯಾಪಲದಿನ್ನಿಯ ಗೆಳೆಯ.